ಬಿಳಿ ಮುಂಗಾಲಿನ ನಾಯಿ

ನಾನು ಒಂದು ದಾರ. ಐದೇ ಐದು ಕೆಲಸಗಳನ್ನು ಬರೆದಿಟ್ಟಿರುವ ಒಂದು ಗಿಡ್ಡ ದಾರ. ದಾರದ ಸುತ್ತ ಒಂದು ಸುತ್ತುಬಟ್ಟೆ, ಅದರ ಮೇಲೆ ಕೊಬ್ಬಿನ ತೆಳು ಹೊದಿಕೆ. ಒಂದು ತುದಿ ದುಂಡಗೆ, ಇನ್ನೊಂದು ಚಪ್ಪಟೆ. ಬಂದೂಕಿನ ಗುಂಡಿನ ಆಕಾರ. ನನ್ನಂಥವರನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿದರೆ ಒಂದು ಸಾಸಿವೆ ಕಾಳಿನ ಅಗಲಕ್ಕೆ ಹತ್ತು ಸಾವಿರ ಮಂದಿ ಬೇಕಾಗುತ್ತದೆ. ಡಾಕ್ಟರುಗಳು ನನ್ನನ್ನು ರೇಬಿಸ್ ವೈರಸ್ ಅನ್ನುತ್ತಾರೆ. ಜನ ನನ್ನ ಹೆಸರು ಹೇಳುವುದಿಲ್ಲ. ಹುಚ್ಚುನಾಯಿ ಎಂದು ನಾನಿದ್ದ ಮನೆಯ ಹೆಸರು ಹೇಳುತ್ತಾರೆ.

ಒಂದು ಕಂದು ನಾಯಿಯ ದವಡೆಯ ಹಿಂದೆ, ಜೊಲ್ಲು ಊರುವ ಗ್ರಂಥಿಯಲ್ಲಿ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ನಕಲಾದೆ ಎನ್ನಬೇಕು. ನನಗಿಂತ ಮುಂಚಿನ ಒಂದು ದಾರವನ್ನು ನೋಡಿ ನನ್ನನ್ನು ಹೊಸೆಯಲಾಯಿತು. ಆಮೇಲೆ ನನ್ನನ್ನು ನೋಡಿ ಸಾವಿರ ಹೊಸೆಯಲಾಯಿತು. ಹಾಗಾಗಿ ಈ ಕಥೆಯಲ್ಲಿ ನಾನು ಎಂದಾಗ ಅದು ಎಷ್ಟನೆಯ ನಾನು ಎಂದು ನನಗೂ ಸರಿಯಾಗಿ ತಿಳಿಯದು. ಕಥೆ ಹೇಳಲು ಒಬ್ಬ ಬೇಕು, ಅದಕ್ಕೆ ನಾನು ಅನ್ನುತ್ತಿದ್ದೇನೆ. ಕಿವಿಯಿಲ್ಲದ ನನಗೆ ಮನುಷ್ಯರ ಮಾತು ಹೇಗೆ ಕೇಳಿಸಿತು ಎಂದು ಕೇಳಬಹುದು. ನಾನಿದ್ದದ್ದು ನರದೊಳಗೆ. ಅಲ್ಲಿಗೆ ಎಲ್ಲವೂ ಬರುತ್ತದೆ.

ನಾಯಿಗೆ ಮೂರು ವರ್ಷ. ಬಲ ಮುಂಗಾಲು ಮಾತ್ರ ಬಿಳಿ, ಸುಣ್ಣದ ಗಡಿಗೆಯಲ್ಲಿ ಅದ್ದಿ ತೆಗೆದ ಹಾಗೆ. ಅದೇ ತಾಯಿಗೆ ಅದೇ ದಿನ ಹುಟ್ಟಿದ ಇನ್ನೊಂದು ನಾಯಿಯೂ ಆ ಊರಿನಲ್ಲಿತ್ತು. ಅದಕ್ಕೂ ಅದೇ ಕಂದು ಮೈ, ಅದೇ ಬಿಳಿ ಮುಂಗಾಲು. ಅದು ನೇಕಾರರ ಓಣಿಯಲ್ಲಿ ಇದ್ದುಕೊಂಡು ಮನೆಮನೆಯ ರೊಟ್ಟಿ ತಿಂದು ಬೆಳೆದಿತ್ತು. ನನ್ನದು ಊರಾಚೆಯ ಪಂಪ್‌ಹೌಸಿನ ಬಳಿ ಬೆಳೆದ ನಾಯಿ. ಎರಡೂ ಒಟ್ಟಿಗೆ ಇದ್ದದ್ದನ್ನು ಓಣಿಯವರು ಯಾರೂ ನೋಡಿರಲಿಲ್ಲ. ಈ ಒಂದು ಸಂಗತಿಯನ್ನು ನೆನಪಿಡಿ.

ನಾನು ಹುಟ್ಟುವಷ್ಟರಲ್ಲಿ ನನ್ನ ಹಿಂದಿನವರು ಆ ನಾಯಿಯ ಮಿದುಳನ್ನು ತಲುಪಿ ಆಗಿತ್ತು. ನಾಯಿಯ ಬೊಗಳು ಒಡೆದುಹೋಗಿತ್ತು. ಕೆಳದವಡೆ ಜೋತುಬಿದ್ದಿತ್ತು. ಎಲ್ಲಿಗೆಂದು ಇಲ್ಲದೆ ನಡೆಯುತ್ತಿತ್ತು. ನಡೆದೂ ನಡೆದೂ ಶಿವರಾತ್ರಿ ಕಳೆದು ಎರಡು ವಾರಕ್ಕೆ, ಒಂದು ಮುಂಜಾನೆ, ನೇಕಾರರ ಓಣಿಗೆ ಬಂತು.

ಅಂದು ಆ ಓಣಿಗೆ ನೀರಿನ ಪಾಳಿ. ಬೇಸಿಗೆಯಲ್ಲಿ ಆ ಊರಿಗೆ ಒಂಬತ್ತು ದಿನಕ್ಕೊಮ್ಮೆ ನೀರು. ಒಂಬತ್ತನೆಯ ದಿನ ಬೆಳಕು ಹರಿಯುವ ಮೊದಲೇ ಕೊಡಗಳು ಸಾಲು ನಿಲ್ಲುತ್ತವೆ. ಮಗ್ಗಗಳ ಸದ್ದು ನಿಲ್ಲುತ್ತದೆ. ಎಲ್ಲರೂ ಒಬ್ಬನನ್ನು ಕಾಯುತ್ತಾರೆ. ಅವನ ಹೆಸರು ಫಕೀರೇಶ. ನಗರಸಭೆಯಲ್ಲಿ ಅವನ ಹುದ್ದೆಗೆ ಬೇರೆ ಹೆಸರಿರಬಹುದು. ಓಣಿಯಲ್ಲಿ ಅವನು ನೀರು ಬಿಡುವವನು. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಕೀಲಿ ಹೊತ್ತು ಬರುತ್ತಿದ್ದ. ರಸ್ತೆಯ ಗುಂಡಿಯ ಮುಚ್ಚಳ ಸರಿಸಿ, ಬಗ್ಗಿ, ಕೀಲಿಯನ್ನು ವಾಲ್ವಿಗೆ ಕೂರಿಸಿ ತಿರುಗಿಸುತ್ತಿದ್ದ. ಆರುನೂರು ಮನೆಗೆ ನೀರು ಹೋಗುತ್ತಿತ್ತು.

ಅವನು ಹಾಗೆ ಬಗ್ಗಿದ್ದಾಗ ನನ್ನ ನಾಯಿ ಹಿಂದಿನಿಂದ ಬಂದು ಅವನ ಬಲಗಾಲಿನ ಮೀನಖಂಡವನ್ನು ಕಚ್ಚಿತು. ಎರಡು ಕೋರೆಹಲ್ಲು ಆಳಕ್ಕೆ ಇಳಿದವು. ಜೊಲ್ಲಿನೊಂದಿಗೆ ನಾನು ಇಳಿದೆ.

ಪಕ್ಕದಲ್ಲಿ ಸರದಿಗೆ ನಿಂತಿದ್ದವಳು ಸಂಗವ್ವ, ಫಕೀರೇಶನ ಮನೆಯ ಎದುರುಮನೆಯವಳು, ಅರವತ್ತು ದಾಟಿದ ಹೆಂಗಸು. ಅವಳು ಖಾಲಿ ಕೊಡದಿಂದ ನಾಯಿಯ ತಲೆಗೆ ಬಡಿದಳು. ನಾಯಿ ತಿರುಗಿ ಅವಳ ಕೈಗೆ ಬಾಯಿ ಹಾಕಿತು. ಬಳೆಗಳು ಒಡೆದು ಉದುರಿದವು. ನಾಯಿ ಓಡಿತು. ಫಕೀರೇಶ ಹೊರಳಿ ನೋಡುವಷ್ಟರಲ್ಲಿ ಅವನಿಗೆ ಕಂಡದ್ದು ಓಣಿಯ ತಿರುವಿನಲ್ಲಿ ಮರೆಯಾಗುತ್ತಿದ್ದ ಒಂದು ಬಿಳಿ ಮುಂಗಾಲು. ಸಂಗವ್ವನ ಮಣಿಕಟ್ಟಿನಲ್ಲಿ ಒಂದು ಗೀರು ಬಿದ್ದು ರಕ್ತ ಜಿನುಗುತ್ತಿತ್ತು. ಅವಳು ಬಳೆಯ ಚೂರು ನಟ್ಟಿತೆಂದುಕೊಂಡಳು. ಸೆರಗಿನಿಂದ ಒರೆಸಿದಳು. ಅದು ಬಳೆಯ ಗೀರಲ್ಲ. ನನ್ನೊಂದಿಗೆ ಹುಟ್ಟಿದ ಇನ್ನೊಬ್ಬ ಅಲ್ಲಿ ಇಳಿದಿದ್ದ.

ನನ್ನ ಹೊದಿಕೆ ಕೊಬ್ಬಿನದು ಎಂದೆನಲ್ಲ. ಸೋಪು ತಾಗಿದರೆ ಕರಗಿಹೋಗುತ್ತೇನೆ. ಬಟ್ಟೆ ಒಗೆಯುವ ಸೋಪಾದರೂ ಸಾಕು. ಹರಿಯುವ ನೀರಿನಲ್ಲಿ ಕಾಲು ಗಂಟೆ ತಿಕ್ಕಿ ತೊಳೆದಿದ್ದರೆ ನಮ್ಮಲ್ಲಿ ಬಹುತೇಕರು ಗಟಾರಕ್ಕೆ ಹೋಗುತ್ತಿದ್ದೆವು. ಅವನ ಕಾಲ ಕೆಳಗೆ ಆರುನೂರು ಮನೆಯ ನೀರು ಹರಿಯುತ್ತಿತ್ತು. ಅವನು ಕರವಸ್ತ್ರ ಬಿಗಿದು ಮತ್ತೆ ಕೀಲಿ ಹಿಡಿದ. ಅರ್ಧ ತೆರೆದ ವಾಲ್ವನ್ನು ಹಾಗೇ ಬಿಟ್ಟರೆ ಮೇಲಿನ ಮನೆಗಳಿಗೆ ನೀರು ಏರುವುದಿಲ್ಲ. ಎರಡು ತಾಸು ಅವನು ಅಲ್ಲಿಂದ ಕದಲಲಿಲ್ಲ. ಸಂಗವ್ವ ಸುಣ್ಣ ಅರಿಶಿಣ ಕಲಸಿ ತಂದು ಗಾಯಕ್ಕೆ ಮೆತ್ತಿದಳು.

ಮಧ್ಯಾಹ್ನ ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಅವಳ ಹೆಸರು ದಾಕ್ಷಾಯಣಿ. ಬಿ.ಎಸ್ಸಿ. ಓದಿದವಳು. ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಲ್ಲಿನ ಡಾಕ್ಟರು ಗಾಯ ತೊಳೆಸಿ, ಎರಡೂ ತೋಳಿಗೆ ಸೂಜಿ ಹಾಕಿದರು. ಇನ್ನು ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಬರಬೇಕು, ತಪ್ಪಿಸಬಾರದು ಎಂದರು. ಗಾಯ ಆಳವಾಗಿರುವುದರಿಂದ ಗಾಯದೊಳಕ್ಕೇ ಹಾಕುವ ಔಷಧಿಯೊಂದಿದೆ, ಅದಕ್ಕೆ ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದು ಚೀಟಿ ಬರೆದರು. ಕೊನೆಯಲ್ಲಿ, ನಾಯಿಯನ್ನು ಹತ್ತು ದಿನ ನೋಡುತ್ತಿರಿ, ಸತ್ತರೆ ಕೂಡಲೇ ತಿಳಿಸಿ ಎಂದೂ ಹೇಳಿದರು. ನಾಯಿಯ ಜೊಲ್ಲಿನಲ್ಲಿ ನಾನು ಇದ್ದರೆ ಅದು ಹತ್ತು ದಿನ ಬದುಕುವುದಿಲ್ಲ. ಆ ಲೆಕ್ಕ ಸರಿಯಾದದ್ದೇ.

ಮರುದಿನ ಮಸೀದಿ ಓಣಿಯ ಪಾಳಿ ಇತ್ತು. ಫಕೀರೇಶ ದೊಡ್ಡಾಸ್ಪತ್ರೆಗೆ ಹೋಗಲಿಲ್ಲ. ಅವನ ಬದಲಿಗೆ ಯಾರೋ ಕೀಲಿ ಹಿಡಿದು, ಯಾವುದೋ ವಾಲ್ವ್ ತಿರುಗಿಸಿ, ಎರಡು ಓಣಿಯವರು ಕೊಡದಿಂದ ಬಡಿದಾಡಿದ್ದು ಹಿಂದಿನ ವರ್ಷವಷ್ಟೇ ನಡೆದಿತ್ತು. ಮೂರನೆಯ ದಿನ ಪೈಪು ಒಡೆಯಿತು, ಸೂಜಿ ತಪ್ಪಿತು.

ಆ ಸಂಜೆ ಸಂಗವ್ವ ಬಾಗಿಲಿಗೆ ಬಂದು ದಾಕ್ಷಾಯಣಿಯನ್ನು ಕರೆದಳು. ಕಟ್ಟೆಯ ಮೇಲೆ ಕಂದು ನಾಯಿಯೊಂದು ಮಲಗಿತ್ತು. ಬಲ ಮುಂಗಾಲು ಬಿಳಿ.

"ಇದ ನೋಡವಾ ನಿನ್ನ ಗಂಡನ್ನ ಕಚ್ಚಿದ್ದು. ಕೊಡ ತಗೊಂಡು ತಲೀಗೆ ಹೆಟ್ಟೀನಿ, ಆದ್ರೂ ನಾಚಿಕಿಲ್ಲದ ರೊಟ್ಟಿಗೆ ಬಂದು ಕುಂತೈತಿ."

ಫಕೀರೇಶ ಹೊರಗೆ ಬಂದು ನೋಡಿದ. ಕಾಲು ನೋಡಿ ಹೌದು ಅಂದ. ನಾಯಿ ಬಾಲ ಅಲ್ಲಾಡಿಸಿತು.

ಅದು ಓಣಿಯ ನಾಯಿ. ನನ್ನ ನಾಯಿ ಅದೇ ದಿನ ಪಂಪ್‌ಹೌಸಿನ ಹಿಂದಿನ ಒಣ ಗಟಾರದಲ್ಲಿ ಸತ್ತಿತ್ತು. ಅದರ ಆಯುಷ್ಯ ಇನ್ನೆಷ್ಟು ಎಂಬುದು ಅದರ ಬಾಯಿಂದ ಹೊರಡುವಾಗಲೇ ನನಗೆ ಗೊತ್ತಿತ್ತು.

ಅವತ್ತಿನಿಂದ ದಾಕ್ಷಾಯಣಿ ಆ ನಾಯಿಯನ್ನು ಕಾಯತೊಡಗಿದಳು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಂದು ರೊಟ್ಟಿ, ಸಂಜೆ ಬಂದ ಮೇಲೆ ಒಂದು. ತಿನ್ನುತ್ತದೆಯೇ, ನುಂಗುತ್ತದೆಯೇ, ನೀರು ಕುಡಿಯುತ್ತದೆಯೇ, ಬೊಗಳು ಬದಲಾಗಿದೆಯೇ, ಎಲ್ಲವನ್ನೂ ನೋಡಿದಳು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸರಿ ಗುರುತು ಹಾಕಿದಳು. ಏಳನೆಯ ದಿನದ ಸೂಜಿಯ ನೆನಪು ಮಾಡಿದಾಗ ಅವನು ನಕ್ಕ.

"ನಾಯಿ ನನಕಿಂತ ಗಟ್ಟಿಮುಟ್ಟಾಗೈತಿ. ಸೂಜಿ ಅದಕ್ಕ ಹಾಕಸು."

ಅವಳೂ ನಕ್ಕಳು. ಕಾಯತೊಡಗಿದ ಹತ್ತನೆಯ ದಿನ ನಾಯಿಗೆ ರೊಟ್ಟಿಯ ಮೇಲೆ ಮೊಸರು ಹಾಕಿದಳು. ಹತ್ತು ಸರಿ ಗುರುತುಗಳ ಕೆಳಗೆ ಒಂದು ಗೆರೆ ಎಳೆದಳು. ಅಷ್ಟು ಶ್ರದ್ಧೆಯಿಂದ ಕಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನನ್ನ ಕಡೆಯ ಸಂಗತಿ ಹೇಳುತ್ತೇನೆ. ಅಲ್ಲಿಯೂ ಕಾವಲಿತ್ತು.

ಮೀನಖಂಡದ ಒಂದು ಸ್ನಾಯುಕೋಶದೊಳಗೆ ನಾನು ಹೊಕ್ಕೆ. ಕೋಶವೆಂದರೆ ಒಂದು ಮನೆ. ಅದರ ನಡುವೆ ಒಂದು ಒಳಕೋಣೆ, ಆ ಮನೆಯ ಎಲ್ಲ ಬರಹಗಳ ಮೂಲ ಅಲ್ಲಿದೆ. ಅಲ್ಲಿಂದ ದಿನವಿಡೀ ನಕಲು ದಾರಗಳು ಹೊರಗೆ ಬಂದು ಕೆಲಸ ಮಾಡಿಸುತ್ತವೆ. ಹಾಗೆ ಬರುವ ಪ್ರತಿಯೊಂದು ದಾರದ ತಲೆಗೂ ಒಂದು ಟೋಪಿ ಇರುತ್ತದೆ. ಅಂಗಳದಲ್ಲಿ ಕಾವಲುಗಾರರು ಓಡಾಡಿಕೊಂಡಿರುತ್ತಾರೆ. ಅವರಿಗೆ ಕಣ್ಣಿಲ್ಲ. ಎದುರು ಬಂದ ದಾರದ ತಲೆ ಸವರಿ ನೋಡುತ್ತಾರೆ. ಟೋಪಿಯಿದ್ದರೆ ಮನೆಯವರು. ಬೋಳುತಲೆಯಾದರೆ ಹೊರಗಿನವರು.

ನಮ್ಮ ದಾರದ್ದು ಬೋಳುತಲೆ.

ಬೋಳುತಲೆ ಕೈಗೆ ತಾಗಿದರೆ ಕಾವಲುಗಾರ ಕೂಗುತ್ತಾನೆ. ಕೂಗು ಒಬ್ಬರಿಂದ ಒಬ್ಬರಿಗೆ ದಾಟಿ ಒಬ್ಬ ಓಲೆಕಾರನನ್ನು ಎಬ್ಬಿಸುತ್ತದೆ. ಓಲೆಕಾರನ ಕೈ ಮೇಲೆ ಮುದ್ರೆ ಒತ್ತಲಾಗುತ್ತದೆ. ಮುದ್ರೆಯಿದ್ದರೆ ಮಾತ್ರ ಒಳಕೋಣೆಗೆ ಪ್ರವೇಶ. ಅವನು ಒಳಗೆ ಹೋಗಿ ಹೇಳಿದರೆ ಒಂದು ಎಚ್ಚರಿಕೆಯ ರಸ ತಯಾರಾಗುತ್ತದೆ. ಡಾಕ್ಟರುಗಳು ಅದನ್ನು ಇಂಟರ್‌ಫೆರಾನ್ ಅನ್ನುತ್ತಾರೆ. ಅದು ಗೋಡೆ ದಾಟಿ ನೆರೆಮನೆಗಳಿಗೆ ಹರಿಯುತ್ತದೆ. ನೆರೆಯವರು ಒಂದೊಂದೇ ವಾಲ್ವ್ ಮುಚ್ಚುತ್ತಾರೆ. ಆಮೇಲೆ ನನ್ನಂಥವನಿಗೆ ಆ ಓಣಿಯಲ್ಲಿ ನೆಲೆಯಿಲ್ಲ. ಇದೆಲ್ಲ ಆಗುವುದಕ್ಕೆ ಕೆಲವು ತಾಸು ಸಾಕು. ಸೂಜಿಯಿಂದ ಪಾಠ ಕಲಿಯುವ ದೊಡ್ಡ ಸೈನ್ಯ ಬರುವುದು ವಾರಗಳ ಮೇಲೆ. ಮೊದಲ ಕೂಗು ಮನೆಯೊಳಗಿನ ಈ ಕುರುಡರದ್ದೇ.

ಅವರು ಯಾರೂ ನಿದ್ದೆ ಮಾಡುತ್ತಿರಲಿಲ್ಲ. ನಾನು ಅವರ ಕೈಗೆ ತಲೆ ಕೊಡಲಿಲ್ಲ, ಅಷ್ಟೆ. ನನ್ನ ದಾರದ ಮೇಲಿನ ಸುತ್ತುಬಟ್ಟೆಯನ್ನು ನಾನು ಎಂದೂ ಬಿಚ್ಚುವುದಿಲ್ಲ. ನಕಲಾಗುವಾಗಲೂ ಬಿಚ್ಚುವುದಿಲ್ಲ. ಹೊಸ ದಾರ ಒಂದು ಅಕ್ಷರ ಬೆಳೆದರೆ ಸುತ್ತುಬಟ್ಟೆಯೂ ಅಷ್ಟೇ ಬೆಳೆಯುತ್ತದೆ. ತಲೆ ಹೊರಗೆ ಕಾಣುವುದೇ ಇಲ್ಲ. ನಕಲಿನ ಕೆಲಸವನ್ನೂ ಅಂಗಳದಲ್ಲಿ ಮಾಡುವುದಿಲ್ಲ. ನೀರಿನಲ್ಲಿ ಎಣ್ಣೆಯ ಹನಿ ನಿಂತ ಹಾಗೆ, ಗೋಡೆಯಿಲ್ಲದ ಒಂದು ದುಂಡನೆಯ ಕೋಣೆ ಕಟ್ಟಿಕೊಂಡು ಅದರೊಳಗೆ ಮಾಡುತ್ತೇನೆ. ಕಾವಲುಗಾರ ಪಕ್ಕದಲ್ಲೇ ಹಾದುಹೋಗುತ್ತಾನೆ.

ಆದರೂ ಎಲ್ಲೋ ಒಂದು ತುಂಡು ಜಾರಿ ಅವನ ಕೈಗೆ ಸಿಗುವುದುಂಟು. ಕೂಗು ಏಳುವುದುಂಟು. ಅದಕ್ಕೆ ನನ್ನ ಬಳಿ ಒಬ್ಬ ಆಳಿದ್ದಾನೆ. ನನ್ನ ಐದು ಕೆಲಸಗಳಲ್ಲಿ ಎರಡನೆಯದರಲ್ಲಿ ಅವನ ವಿವರ ಬರೆದಿದೆ. ಅವನು ಯಾರನ್ನೂ ಕೊಲ್ಲುವುದಿಲ್ಲ. ಮುದ್ರೆ ಒತ್ತುವವನ ಪಕ್ಕ ನಿಂತು ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಾನೆ. ಓಲೆಕಾರ ಕೈ ಚಾಚಿ ನಿಂತಿರುತ್ತಾನೆ. ಮುದ್ರೆ ಬೀಳುವುದಿಲ್ಲ. ಅಕಸ್ಮಾತ್ ಯಾವುದೋ ನೆರೆಮನೆಯ ಎಚ್ಚರಿಕೆ ಬಾಗಿಲಿಗೆ ಬಂದರೆ, ಅದನ್ನು ಒಳಕೋಣೆಗೆ ಒಯ್ಯುವವನನ್ನು ಅದೇ ಆಳು ಅಂಗಳದ ಕಂಬಕ್ಕೆ ಕಟ್ಟಿಹಾಕುತ್ತಾನೆ. ಸುದ್ದಿ ಬಂದಿದೆ. ಸುದ್ದಿ ಕೇಳಿದವನೂ ಇದ್ದಾನೆ. ಒಳಗೆ ಮಾತ್ರ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಬೇರೆ ವೈರಸ್ಸುಗಳು ಹೊಕ್ಕ ಮನೆಯನ್ನು ಒಂದೆರಡು ದಿನದಲ್ಲಿ ಒಡೆದು ಹಾಕುತ್ತವೆ. ಒಡೆದ ಮನೆಯ ವಾಸನೆಗೆ ಇಡೀ ಊರು ಎದ್ದು ಕೂರುತ್ತದೆ. ನಾನು ಮನೆ ಕೆಡಿಸುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಒಲೆ ಉರಿಯುತ್ತಿರುತ್ತದೆ. ನಾನು ಸ್ವಲ್ಪವೇ ನಕಲಾಗುತ್ತೇನೆ. ಹಾಗೆ ನಾಲ್ಕು ವಾರ ಅವನ ಮೀನಖಂಡದಲ್ಲಿ ಇದ್ದೆ. ಗಾಯ ಮಾಗಿ ಹಕ್ಕಳೆ ಉದುರಿತು. ಅವನು ಸೈಕಲ್ ಹೊಡೆದ. ಒಮ್ಮೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋದ. ಪ್ರತಿ ತುಳಿತಕ್ಕೂ ನಾನು ಏರಿಳಿದೆ.

ಅವನ ತೋಳಿನಲ್ಲಿ ನನ್ನ ಸತ್ತ ಬಂಧುಗಳನ್ನು ಚುಚ್ಚಿದ್ದರು. ಅವರ ಮುಖ ನೋಡಿ ದೊಡ್ಡ ಸೈನ್ಯ ನನ್ನ ಗುರುತು ಕಲಿಯಬೇಕಿತ್ತು. ಒಂದು ಪಾಠವಾಗಿತ್ತು. ಎರಡನೆಯದು ಬರಲಿಲ್ಲ, ಮೂರನೆಯದು ಬರಲಿಲ್ಲ. ಆ ನಾಲ್ಕು ವಾರದಲ್ಲಿ ಯಾವ ದಿನವಾದರೂ ಬಂದಿದ್ದರೆ ಎಂದು ನೀವು ಕೇಳಬಹುದು. ನನ್ನಿಂದ ಖಂಡಿತವಾಗಿ ಹೇಳಲಾಗದು. ಮೊದಲ ವಾರದಲ್ಲಿ ಬಂದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಐದನೆಯ ವಾರ ನಾನು ನರದ ತುದಿಯನ್ನು ದಾಟಿದೆ. ನರದೊಳಗೆ ನಡೆಯುವ ಕಷ್ಟವಿಲ್ಲ. ಅಲ್ಲಿ ಹಳಿಗಳಿವೆ, ಹಳಿಗಳ ಮೇಲೆ ಸಾಮಾನು ಹೊರುವವರಿದ್ದಾರೆ. ಅವರು ತಮ್ಮ ಸಾಮಾನಿನ ಜೊತೆ ನನ್ನನ್ನೂ ಹೊತ್ತರು. ದಿನಕ್ಕೆ ನಾಲ್ಕು ಬೆರಳು, ಕೆಲವೊಮ್ಮೆ ಹೆಚ್ಚು. ಮೊಣಕಾಲು, ತೊಡೆ, ಸೊಂಟ, ಬೆನ್ನುಹುರಿ. ಏಪ್ರಿಲ್ ಮುಗಿಯುವಷ್ಟರಲ್ಲಿ ಮಿದುಳಿನ ಬುಡದಲ್ಲಿದ್ದೆ. ಅಲ್ಲಿ ನಾನು ಸಂಕೋಚ ಬಿಟ್ಟೆ. ದುಂಡು ಕೋಣೆಗಳನ್ನು ದೊಡ್ಡದಾಗಿ ಕಟ್ಟಿದೆ.

ಮೊದಲು ಅವನಿಗೆ ಹಳೆಯ ಗಾಯ ಜುಮುಗುಟ್ಟಿತು. ಇರುವೆ ಹರಿದ ಹಾಗೆ ಆಗುತ್ತದೆ ಎಂದು ಮೀನಖಂಡ ಕೆರೆದುಕೊಂಡ. ಸಣ್ಣ ಜ್ವರ ಬಂತು. ಬಿಸಿಲಿಗೆ ಎಂದರು. ಶಾಲೆಗೆ ರಜೆ ಇದ್ದದ್ದರಿಂದ ದಾಕ್ಷಾಯಣಿ ಮನೆಯಲ್ಲೇ ಇದ್ದಳು. ಫ್ಯಾನಿನ ಗಾಳಿ ಮುಖಕ್ಕೆ ಬಂದರೆ ಅವನು ತಲೆ ಕೊಡವುತ್ತಿದ್ದ. ಅವಳು ಫ್ಯಾನು ಆರಿಸಿ, ಬೀಸಣಿಗೆ ತಂದಳು. ಅದಕ್ಕೂ ಅವನ ಕತ್ತು ಸೆಟೆಯಿತು.

ಮರುದಿನ ನೇಕಾರರ ಓಣಿಯ ಪಾಳಿ. ಬೇಡವೆಂದರೂ ಹೋದ. ಗುಂಡಿಯ ಮುಚ್ಚಳ ಸರಿಸಿ ಕೀಲಿ ಕೂರಿಸಿ ತಿರುಗಿಸಿದ. ಕೆಳಗೆ ನೀರು ಹರಿಯುವ ಸದ್ದು ಬಂತು. ಇಪ್ಪತ್ತು ವರ್ಷದವನಿದ್ದಾಗಿನಿಂದ ಅವನು ಕೇಳಿದ ಸದ್ದು. ಆ ಸದ್ದಿಗೆ ಅವನ ಗಂಟಲು ಹಿಂಡಿದ ಹಾಗೆ ಮುಚ್ಚಿಕೊಂಡಿತು. ಕೀಲಿ ಬಿಟ್ಟು ಹಿಂದಕ್ಕೆ ಬಿದ್ದ. ಸರದಿಯಲ್ಲಿದ್ದ ಹೆಂಗಸರು ಬಿಸಿಲೆಂದು ತಿಳಿದು ಒಂದು ತಂಬಿಗೆ ನೀರು ತಂದು ಬಾಯಿಗೆ ಹಿಡಿದರು. ತಂಬಿಗೆ ತುಟಿಗೆ ತಾಗುವ ಮೊದಲೇ ಅವನ ಮೈಯೆಲ್ಲ ಅದುರಿತು. ಎರಡೂ ಕೈಯಿಂದ ಅದನ್ನು ದೂಡಿದ. ಒಂಬತ್ತು ದಿನಕ್ಕೊಮ್ಮೆ ಬರುವ ನೀರು ಮಣ್ಣಿಗೆ ಚೆಲ್ಲಿತು.

ಅದೇನೆಂದು ಹಳಬರಿಗೆ ತಿಳಿಯಿತು. ಯಾರೂ ಹೆಸರು ಹೇಳಲಿಲ್ಲ. ಕಟ್ಟೆಯ ಮೇಲೆ ಓಣಿಯ ನಾಯಿ ಕಿವಿ ಕೆರೆದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಬೇರೆ ಕೋಣೆಯಲ್ಲಿಟ್ಟರು. ಕಿಟಕಿಗೆ ಬಟ್ಟೆ ಕಟ್ಟಿದರು. ನಡುನಡುವೆ ಅವನಿಗೆ ಪೂರ್ತಿ ಎಚ್ಚರವಿರುತ್ತಿತ್ತು. ಅದು ನನ್ನ ಕೆಲಸದ ಅತಿ ಕ್ರೂರ ಭಾಗ. ಮನೆಯನ್ನು ಒಡೆಯದೆ ಇರುವುದರಿಂದ ಒಳಗಿರುವವನಿಗೆ ಎಲ್ಲವೂ ತಿಳಿಯುತ್ತಿರುತ್ತದೆ. ನಾಯಿ ಇದೆಯಲ್ಲ, ಬದುಕಿದೆಯಲ್ಲ, ಹಾಗಾದರೆ ಇದು ಅದಲ್ಲ ಎಂದು ದಾಕ್ಷಾಯಣಿ ಬಂದ ಪ್ರತಿಯೊಬ್ಬ ಡಾಕ್ಟರಿಗೂ ಹೇಳಿದಳು. ಕ್ಯಾಲೆಂಡರಿನ ಹಾಳೆಯನ್ನು ಹರಿದು ತಂದಿದ್ದಳು. ಅವರು ಹಾಳೆಯನ್ನು ನೋಡಿದರು. ಮಡಚಿ ಅವಳ ಕೈಗೇ ಕೊಟ್ಟರು.

ಒದ್ದೆ ಹತ್ತಿಯನ್ನು ಅವನ ತುಟಿಗೆ ಒತ್ತಲು ಅವಳು ನೋಡಿದಳು. ಅದೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವನು ಅವಳ ಕಡೆ ಹೊರಳಿ ಕೇಳಿದ.

"ಇವತ್ತ ಯಾರ ಪಾಳಿ?"

"ಮಸೂತಿ ಓಣಿದು."

"ಬಿಟ್ಟಾರ?"

"ಹೂಂ. ಬಿಟ್ಟಾರ."

ಅಂದು ಪಾಳಿ ಯಾರದೆಂದಾಗಲಿ, ನೀರು ಬಿಟ್ಟರೋ ಇಲ್ಲವೋ ಎಂದಾಗಲಿ ಅವಳಿಗೆ ಗೊತ್ತಿರಲಿಲ್ಲ. ಅವನು ಕಣ್ಣು ಮುಚ್ಚಿದ. ಸಂಜೆಗೆ ಮೊದಲು ಉಸಿರು ನಿಂತಿತು. ಅವನಿಗೆ ಮೂವತ್ತಮೂರು ವರ್ಷ.

ಓಣಿಯ ಹೆಂಗಸರು ಬಂದು ಅತ್ತರು. ಎಲ್ಲರಿಗಿಂತ ಹೆಚ್ಚು ಅತ್ತವಳು ಸಂಗವ್ವ. ಬಳೆ ಒಡೆದು ಕೈಗೆ ನಟ್ಟರೂ ಬಿಡದೆ ನಾಯಿಯನ್ನು ಹೊಡೆದೆ, ಆದರೂ ಉಳಿಸಿಕೊಳ್ಳಲಾಗಲಿಲ್ಲ ಎಂದು ಬಂದವರಿಗೆಲ್ಲ ಮಣಿಕಟ್ಟು ತೋರಿಸಿ ಹೇಳಿದಳಂತೆ. ಅದೇ ಮಣಿಕಟ್ಟು.

ಡಾಕ್ಟರು ದಾಕ್ಷಾಯಣಿಯನ್ನು ಪಕ್ಕಕ್ಕೆ ಕರೆದು, ಇದು ಏನೆಂದು ಖಂಡಿತವಾಗಿ ತಿಳಿಯಲು ಒಂದೇ ದಾರಿ, ಮಿದುಳಿನ ಸಣ್ಣ ತುಂಡು ತೆಗೆದು ನೋಡಬೇಕು ಎಂದರು. ಮನೆಯ ಹಿರಿಯರು ಒಪ್ಪಲಿಲ್ಲ. ಅವಳು ಸಹಿ ಮಾಡಿದಳು.

ಹೀಗೆ ನಾನು ಎರಡನೆಯ ಸಲ ಕೈ ಬದಲಾದೆ. ಅವನ ದೇಹದೊಂದಿಗೆ ಮಣ್ಣಿಗೆ ಹೋದವರು ಅಲ್ಲೇ ಮುಗಿದರು. ನನ್ನನ್ನು ಕಟುವಾಸನೆಯ ದ್ರವದಲ್ಲಿ ಮುಳುಗಿಸಿದರು. ಅಲ್ಲಿಗೆ ನನ್ನ ಜೀವ, ಅದನ್ನು ಜೀವ ಎನ್ನಬಹುದಾದರೆ, ಹೋಯಿತು. ಆಕಾರ ಉಳಿಯಿತು. ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ನೀಲಿ ಬಣ್ಣದಲ್ಲೂ ಕೆಂಪು ಬಣ್ಣದಲ್ಲೂ ಅದ್ದಿದರು. ಕೋಶದ ಮೈ ಮಾಸಲು ಗುಲಾಬಿಯಾಯಿತು. ಕಾವಲುಗಾರರಿಂದ ಅಡಗಲು ನಾನು ಕಟ್ಟಿಕೊಂಡಿದ್ದ ದುಂಡು ಕೋಣೆ ಕುಂಕುಮದ ಬೊಟ್ಟಿನ ಹಾಗೆ ಅಚ್ಚಕೆಂಪಾಗಿ ಎದ್ದು ನಿಂತಿತು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಡಾಕ್ಟರುಗಳು ನನ್ನನ್ನು ಗುರುತಿಸುವುದು ಆ ಕೋಣೆಯಿಂದಲೇ ಎಂದು ಆಮೇಲೆ ಕೇಳಿದೆ.

ಆ ಗಾಜನ್ನು ನೋಡಿದವರು ಮೆಡಿಕಲ್ ಕಾಲೇಜಿನ ಶಾಹಿದಾ ಎಂಬ ಡಾಕ್ಟರು. ಮೇ ತಿಂಗಳ ಕೊನೆಯ ವಾರ ದಾಕ್ಷಾಯಣಿ ವರದಿ ಕೇಳಲು ಬಂದಳು. ವರದಿ ಓದಿದಳು. ತಾನೇ ನೋಡಬಹುದೇ ಎಂದು ಕೇಳಿದಳು. ಡಾಕ್ಟರು ಸೂಕ್ಷ್ಮದರ್ಶಕದ ಮುಂದೆ ಅವಳನ್ನು ಕೂರಿಸಿದರು. ಬೆಳಕು ಹೊತ್ತಿಸಿದರು.

ಮೇಲಿನಿಂದ ಅವಳ ಒಂದು ಕಣ್ಣು ನನ್ನ ಮೇಲೆ ಇಳಿಯಿತು. ನನ್ನಿಂದ ಕಳೆದುಕೊಂಡವರಲ್ಲಿ ಅಷ್ಟು ಹತ್ತಿರದಿಂದ ನಾನು ಕಂಡವಳು ಅವಳೊಬ್ಬಳೇ. ಆ ಕಣ್ಣಿನಲ್ಲಿ ನೀರಿರಲಿಲ್ಲ.

"ಕೆಂಪು ಚುಕ್ಕಿ ಕಾಣ್ತದಾ?"

"ಕಾಣ್ತದ್ರಿ."

"ಅದು ರೇಬಿಸ್‌ದು. ಅನುಮಾನ ಇಲ್ಲಮ್ಮಾ."

ಅವಳು ಕಣ್ಣು ತೆಗೆಯಲಿಲ್ಲ. "ಮೇಡಂ, ನಾಯಿ ಇನ್ನೂ ಐತ್ರಿ. ಇವತ್ತ ಮುಂಜಾನೆ ರೊಟ್ಟಿ ಹಾಕಿ ಬಂದೀನಿ."

ಡಾಕ್ಟರು ಮೆಲ್ಲಗೆ ಹೇಳಿದರು.

"ಹಂಗಾದ್ರ ಅದು ಆ ನಾಯಿ ಅಲ್ಲ."

ಅವಳು ಕುರ್ಚಿಯಲ್ಲಿ ಹಾಗೇ ಕುಳಿತಿದ್ದಳು. ಹತ್ತು ಸರಿ ಗುರುತುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳೋ ಏನೋ. ಡಾಕ್ಟರು ನೀರಿನ ಬಾಟಲಿ ಮುಂದಿಟ್ಟರು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ನಂತರ ಆ ನಾಯಿ ಬೇರೆ ಯಾರನ್ನಾದರೂ ಕಚ್ಚಿತ್ತೇ, ಗೀರಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ ಎನ್ನಲು ಅವಳು ಬಾಯಿ ತೆರೆದಳು.

ನಾನು ಗಾಜಿನ ನಡುವೆ ಇದ್ದೆ. ಸಂಗವ್ವನ ಮಣಿಕಟ್ಟಿನಲ್ಲಿ ನನ್ನ ಜೊತೆ ಹುಟ್ಟಿದವನು ಇನ್ನೂ ಸ್ನಾಯುವಿನಲ್ಲೇ ಇದ್ದ. ಗೀರು ಚಿಕ್ಕದು, ಒಳಗೆ ಇಳಿದವರು ಕಡಿಮೆ, ಅದಕ್ಕೆ ಅವನ ಕೆಲಸ ನಿಧಾನ. ಅಲ್ಲಿಯೂ ಕುರುಡರು ತಲೆ ಸವರುತ್ತಿದ್ದರು. ಅಲ್ಲಿಯೂ ಓಲೆಕಾರ ಕೈ ಚಾಚಿ ನಿಂತಿದ್ದ.

ದಾಕ್ಷಾಯಣಿ ತೆರೆದ ಬಾಯಿ ಮುಚ್ಚಿದಳು. "ಬಳಿ" ಎಂದಳು, ಸಂಗವ್ವನ ಒಡೆದ ಬಳೆ ನೆನಪಾಗಿ. ಎದ್ದು ನಿಂತಳು. ಎರಡೂವರೆ ತಿಂಗಳಾಗಿದೆ, ಈಗಲೂ ಸೂಜಿ ಹಾಕಬಹುದೇ ಎಂದು ಕೇಳಿದಳು. ರೋಗ ಕಾಣಿಸಿಕೊಂಡಿಲ್ಲದಿದ್ದರೆ ಹಾಕಲೇಬೇಕು, ಇವತ್ತೇ, ಎಂದರು ಡಾಕ್ಟರು. ಅವಳು ವರದಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.

ಮುಂದಿನದು ಅವಳೇ ಡಾಕ್ಟರಿಗೆ ಹೇಳಿದ್ದು. ಸಂಗವ್ವ ಬರಲು ಒಪ್ಪಲಿಲ್ಲ. ಅಂದು ನೀರಿನ ಪಾಳಿ, ನೀರು ತಡವಾಗಿತ್ತು, ಕೊಡ ಇನ್ನೂ ಸಾಲಿನಲ್ಲೇ ಇತ್ತು. ತನಗೇನೂ ಆಗಿಲ್ಲ, ನಟ್ಟದ್ದು ಬಳೆ, ಆ ನಾಯಿ ಅಗೋ ಅಲ್ಲೇ ಮಲಗಿದೆ, ಗಂಡ ಸತ್ತ ದುಃಖಕ್ಕೆ ನಿನಗೆ ತಲೆ ಕೆಟ್ಟಿದೆ ಎಂದಳು. ದಾಕ್ಷಾಯಣಿ ವಾದ ಮಾಡಲಿಲ್ಲ. ಸಾಲಿನಿಂದ ಅವಳ ಕೊಡ ಎತ್ತಿ ತನ್ನ ಮನೆಯೊಳಗಿಟ್ಟು ಬೀಗ ಹಾಕಿದಳು.

"ಆಯೀ, ಆ ನಾಯಿನ್ನ ನೀ ತೋರಿಸಿದಿ, ನಾ ನಂಬಿದೆ. ಈಗ ನಾ ಹೇಳಿದ ಕಡೆ ನೀ ಬಾ."

ಸಂಗವ್ವ ಅವಳ ಮುಖ ನೋಡಿದಳು. ಆ ಮಾತಿನಲ್ಲಿ ಏನಿದೆ ಎಂದು ಆಗ ಅವಳಿಗೆ ಹೊಳೆದಿರಬೇಕು. ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದಳು.

ನಾಲ್ಕು ದಿನಾಂಕ. ನಾಲ್ಕಕ್ಕೂ ದಾಕ್ಷಾಯಣಿಯೇ ಜೊತೆಗೆ ಹೋದಳು. ಗೀರಿದ್ದ ಜಾಗಕ್ಕೆ ಹಾಕುವ ಔಷಧಿಯನ್ನೂ ಹಾಕಿಸಿದಳು. ಜೂನ್ ಕೊನೆಯಲ್ಲಿ, ಇಪ್ಪತ್ತೆಂಟನೆಯ ದಿನದ ಸೂಜಿಯಾದ ಮೇಲೆ, ಕಾರ್ಡು ತೋರಿಸಲು ಶಾಹಿದಾ ಡಾಕ್ಟರ ಕೋಣೆಗೆ ಬಂದಳು. ಕಾರ್ಡಿನಲ್ಲಿ ನಾಲ್ಕು ಸರಿ ಗುರುತು. ಸಂಗವ್ವ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ. ನಾಯಿ ಏನಾಯಿತು ಎಂದು ಡಾಕ್ಟರು ಕೇಳಿದರು. ಅದಕ್ಕೂ ಸೂಜಿ ಹಾಕಿಸಿದ್ದೇನೆ ಎಂದಳು. ಗಂಡ ಒಮ್ಮೆ ಹಾಗೆ ಹೇಳಿದ್ದ ಎಂದು ಅವಳು ಹೇಳಲಿಲ್ಲ. ಅದು ಅವಳನ್ನು ಬಿಟ್ಟರೆ ನನಗೆ ಮಾತ್ರ ಗೊತ್ತು. ನಂತರ ಅವಳು ಬರಲಿಲ್ಲ.

ಈಗ ನಾನು ಒಂದು ಮರದ ಪೆಟ್ಟಿಗೆಯಲ್ಲಿದ್ದೇನೆ. ಒಳಗೆ ಗಾಜಿನ ಪಟ್ಟಿಗಳನ್ನು ನಿಲ್ಲಿಸುವ ಸಣ್ಣ ಸಣ್ಣ ಗೂಡುಗಳಿವೆ. ನನ್ನದು ಹದಿನೇಳನೆಯ ಗೂಡು. ಮೇಲೆ ಹೆಸರಿಲ್ಲ, ಒಂದು ಸಂಖ್ಯೆಯಿದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಬರುತ್ತಾರೆ. ಬೆಳಕು ಹೊತ್ತಿಸಿ, ಒಬ್ಬರ ನಂತರ ಒಬ್ಬರು ಬಗ್ಗಿ ನೋಡಿ, ಪುಸ್ತಕದಲ್ಲಿ ನನ್ನ ಕೋಣೆಯನ್ನು ಕೆಂಪು ಪೆನ್ಸಿಲಿನಿಂದ ದುಂಡಗೆ ಬರೆದುಕೊಳ್ಳುತ್ತಾರೆ. ಯಾರ ಕಣ್ಣಿಗೂ ಬೀಳದೆ ಬದುಕಲು ಬೇಕಾದದ್ದೆಲ್ಲ ಆ ಐದು ಕೆಲಸಗಳಲ್ಲಿ ಬರೆದಿತ್ತು. ಬೆಳಕಿನ ಕೆಳಗೆ ಮಲಗಿರುವುದು ಹೇಗೆಂದು ಬರೆದಿರಲಿಲ್ಲ. ಕೆಲವೊಮ್ಮೆ ಆ ಮುದ್ರೆ ಬೀಳದ ಕೈ ನೆನಪಾಗುತ್ತದೆ. ಕೆಲವೊಮ್ಮೆ ಕ್ಯಾಲೆಂಡರಿನ ಹಾಳೆ. ಎರಡರಲ್ಲೂ ಕಾವಲಿದ್ದವರ ತಪ್ಪು ಎಷ್ಟು ಎಂದು ಅಳೆಯಲು ನನಗೆ ಬಾರದು.

ನನ್ನ ಪಕ್ಕದ ಗೂಡು ಖಾಲಿಯಿದೆ. ಅಲ್ಲಿಗೆ ಬರಬೇಕಾಗಿದ್ದವನು ಒಬ್ಬ ಮುದುಕಿಯ ಮಣಿಕಟ್ಟಿನಲ್ಲಿ, ಹೊಸ ಬಳೆಗಳ ಕೆಳಗೆ, ಸತ್ತ.